ಹೋಲ್ಡನ್, ಎಡಿತ್

(1871-1920). ನಿಸರ್ಗ ಚಿತ್ರದಿನಚರಿಗೆ ಹೆಸರಾದ ಇಂಗ್ಲೆಂಡಿನ ಕಲಾವಿದೆ. ಜನನ ಬರ್ಮಿಂಗ್‌ಹ್ಯಾಮ್ ಬಳಿ. ಅಲ್ಲಿನ ಕಲಾಶಾಲೆಯಲ್ಲಿ ಓದಿ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದರು. ಸಾಲಿಹಲ್‌ನ ಬಾಲಕಿಯರ ಶಾಲೆಯಲ್ಲಿ ಚಿತ್ರಕಲೆ ಕಲಿಸಿದರು.

ವಾರ್ವಿಕ್‌ಷೈರಿನ ಓಲ್ಟನ್‌ನಲ್ಲಿದ್ದಾಗ 1906ರ ಉದ್ದಕ್ಕೂ ಬರೆದಿಟ್ಟ ಟಿಪ್ಪಣಿಗಳೇ ಇವರ ಮುಖ್ಯ ಕೃತಿ. ಪ್ರತಿ ತಿಂಗಳಿಗೂ ಆ ತಿಂಗಳ ಹೆಸರಿನ ಮೂಲ, ಹಬ್ಬಗಳು, ಗಾದೆಗಳು, ತಾವು ಮೆಚ್ಚಿದ ಕವಿಗಳ ಸಾಲುಗಳು; ನಡುವೆ ಜಲವರ್ಣದ ಹೂ, ಹಕ್ಕಿ, ಚಿಟ್ಟೆಗಳು. ಸೈಕಲ್ ತುಳಿದು ಹಳ್ಳಿದಾರಿಗಳಲ್ಲಿ ಸುತ್ತಿ, ಕಂಡ ದಿನವನ್ನೂ ಜಾಗವನ್ನೂ ನಮೂದಿಸುತ್ತಿದ್ದರು. ಇಂಗ್ಲೆಂಡಿನ ಬೇಸಿಗೆ ನಮ್ಮ ಏಪ್ರಿಲ್-ಮೇ ಬಿಸಿಲಿನಂಥದ್ದಲ್ಲ. ಜೂನ್‌ನಲ್ಲಿ ಬೇಲಿಸಾಲು ಹೂಬಿಡುವ, ರಾತ್ರಿ ಒಂಬತ್ತಾದರೂ ಬೆಳಕು ಉಳಿಯುವ ಕಾಲ. ಆ ತಿಂಗಳ ಪುಟಗಳಲ್ಲಿ ಕಾಡುಗುಲಾಬಿ ಅರಳಿದೆ: ತೆಳುಗುಲಾಬಿ ಬಣ್ಣದ ಐದು ಎಸಳು, ಮಧ್ಯೆ ಹಳದಿ ಕೇಸರಗಳ ಗುಂಪು, ಕಾಂಡದಲ್ಲಿ ಕೊಕ್ಕೆಯಂತೆ ಬಾಗಿದ ಮುಳ್ಳು. ಗಿಡವನ್ನು ಗುರುತಿಸಲು ಬೇಕಾದ ಲಕ್ಷಣಗಳೆಲ್ಲ ಅಲ್ಲಿವೆ, ಆದರೂ ಚಿತ್ರ ಸಸ್ಯಶಾಸ್ತ್ರದ ಪಾಠದಂತೆ ಬಿಗಿದುಕೊಂಡಿಲ್ಲ. ಹೋಲ್ಡನ್‌ರ ನಿಜವಾದ ಸಾಧನೆ ಇದೇ. ದೂರದ ಅಪರೂಪಗಳನ್ನು ಅರಸದೆ ಮನೆಯ ಸುತ್ತಲಿನ ಸಾಮಾನ್ಯ ಗಿಡಗಳಿಗೇ ಅಷ್ಟು ಗಮನ ಕೊಟ್ಟದ್ದರಿಂದ, ಒಂದು ಊರಿನ ಒಂದು ವರ್ಷದ ಋತುಚಕ್ರ ಅಲ್ಲಿ ಬಹುಮಟ್ಟಿಗೆ ದಾಖಲಾಗಿದೆ.

1911ರಲ್ಲಿ ಶಿಲ್ಪಿ ಅರ್ನೆಸ್ಟ್ ಸ್ಮಿತ್‌ರನ್ನು ಮದುವೆಯಾದರು. 1920ರ ಮಾರ್ಚ್‌ನಲ್ಲಿ ಲಂಡನ್ನಿನ ಕ್ಯೂ ಬಳಿ ಥೇಮ್ಸ್ ನದಿಯಲ್ಲಿ ಮುಳುಗಿ ತೀರಿಕೊಂಡರು. ಕುಟುಂಬದವರ ಬಳಿ ಉಳಿದಿದ್ದ ಹಸ್ತಪ್ರತಿ 'ದಿ ಕಂಟ್ರಿ ಡೈರಿ ಆಫ್ ಆ್ಯನ್ ಎಡ್ವರ್ಡಿಯನ್ ಲೇಡಿ' ಎಂಬ ಹೆಸರಿನಲ್ಲಿ, ಕೈಬರಹ ಸಹಿತ ಯಥಾಪ್ರತಿಯಾಗಿ, 1977ರಲ್ಲಿ ಅಚ್ಚಾಗಿ ಅಪಾರ ಜನಪ್ರಿಯತೆ ಗಳಿಸಿತು.