ಉಪ್ಪು ಹಚ್ಚಿದ ಕೋಳಿ

ಕೋಳಿಗೆ ಉಪ್ಪು, ಅರಿಶಿನ ಹಾಕಿ ನೀರು ತಿಳಿಯಾಗುವವರೆಗೆ ತೊಳೆಯುವ ನಮ್ಮ ಅಮ್ಮಿಯರು ಮೂಸಾ ಇಬ್ನ್ ಮೈಮೂನ್‌ನ ಹೆಸರು ಕೇಳಿದವರಲ್ಲ. ಕುರ್ತುಬಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಈ ಯಹೂದಿ ಪಂಡಿತ, ಸಲಾಹುದ್ದೀನ್ ಅಯ್ಯೂಬಿಯ ಮಂತ್ರಿ ಅಲ್ ಫಾಝಿಲನಿಗೆ ಹಕೀಮನಾಗಿದ್ದವನು. ರಕ್ತ ಅವರ ಧರ್ಮದಲ್ಲೂ ನಿಷಿದ್ಧ. ಆತನ ಧರ್ಮಸಂಹಿತೆಯ ಪ್ರಕಾರ ಮಾಂಸವನ್ನು ತೊಳೆದು, ಚೆನ್ನಾಗಿ ಉಪ್ಪು ಹಚ್ಚಿ, ಒಂದು ‘ಮೀಲ್’ ನಡೆಯುವಷ್ಟು ಹೊತ್ತು, ಅಂದರೆ ಸುಮಾರು 20 ನಿಮಿಷ ಬಿಡಬೇಕು. ನೀರು ತಿಳಿಯಾಗುವವರೆಗೆ ಮತ್ತೆ ತೊಳೆದು ಕುದಿಯುವ ನೀರಿಗೇ ಹಾಕಬೇಕು. ಈಗಿನ ರೂಢಿಯಲ್ಲಿ ಅರ್ಧ ಗಂಟೆ ನೆನೆಸಿ, ಒಂದು ಗಂಟೆ ಉಪ್ಪಿನಲ್ಲಿಡುತ್ತಾರೆ.

ನಮ್ಮಲ್ಲಿ ಇಷ್ಟು ಕಟ್ಟುಪಾಡಿಲ್ಲ. ಕುರ್‌ಆನ್ (6:145) ನಿಷೇಧಿಸುವುದು ಹರಿಯುವ ರಕ್ತವನ್ನು. ಝಬಹ್ ಆದ ಮೇಲೆ ಮಾಂಸದಲ್ಲಿ ಉಳಿದದ್ದಕ್ಕೆ ಫಿಕ್ಹ್ ವಿನಾಯಿತಿ ಕೊಟ್ಟಿದೆ. ಆದರೂ ಬೋಗುಣಿಯ ನೀರು ಇನ್ನೂ ಕೆಂಪಗಿದೆಯೆಂದು ಹೊಸ ಸೊಸೆ ಬೈಸಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಪಾಪ, ರಕ್ತ ಚೆನ್ನಾಗಿ ಹರಿದುಹೋದ ಮಾಂಸದ ಕೆಂಪು ಹೆಚ್ಚಾಗಿ ಸ್ನಾಯುವಿನ ಮಯೋಗ್ಲೋಬಿನ್‌ನದು!

ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ, ಆಮೇಲೆ ತಾನೇ ಒಳಗಿಳಿಯುತ್ತದೆ. ಪ್ರೋಟೀನು ಸಡಿಲಗೊಂಡು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೋಳಿ ಒಣಗದೆ ಬೇಯುತ್ತದೆ. ಎಷ್ಟು ತೊಳೆದರೂ ಆ ಉಪ್ಪು ಪೂರ್ತಿ ಹೋಗುವುದಿಲ್ಲ. ಅಂಥ ಕೋಳಿಯ ಸಾರಿಗೆ ಉಪ್ಪು ಹಾಕುವಾಗ ಯಹೂದಿ ಮನೆಯಾಕೆ ಕೈ ಬಿಗಿಹಿಡಿಯುವುದು ಇದಕ್ಕೇ.