ಮಣೆಯಿಂದ ಪರದೆಯವರೆಗೆ: ಕರ್ನಾಟಕದ ಆಟದ ಚರಿತ್ರೆಯಲ್ಲಿ ಆಟಗಾರ್ತಿ

ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಅರಮನೆ, ದೇವಾಲಯ, ಯುದ್ಧ, ಕೃಷಿ, ನೀರಾವರಿಗಳಿಗೆ ದೊರೆತಿರುವ ಸ್ಥಾನ ಆಟಕ್ಕೆ ದೊರೆತಿಲ್ಲ. ದೊರೆತಿರುವಷ್ಟರಲ್ಲಿಯೂ ಬೇಟೆ, ಮಲ್ಲಯುದ್ಧ, ಚತುರಂಗ, ದ್ಯೂತ ಮೊದಲಾದ ಪುರುಷರ ವಿನೋದಗಳೇ ಮುಂದೆ ನಿಂತಿವೆ. ಮನೆಯೊಳಗೆ ತಲೆಮಾರುಗಳಿಂದ ಆಡುತ್ತ ಬಂದ ಹೆಂಗಸರು ಈ ಚರಿತ್ರೆಯಲ್ಲಿ ಆಟಗಾರರಾಗಿ ಕಾಣಿಸಿಕೊಂಡಿರುವುದು ವಿರಳ. ಇಂದು ಮೊಬೈಲು ಮತ್ತು ಕಂಪ್ಯೂಟರುಗಳ ಪರದೆಯ ಮೇಲೆ ಆಡುವ ಮಹಿಳೆಯರ ವಿಷಯದಲ್ಲಿಯೂ ಇದೇ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿದೆ. ಯಾರನ್ನು ‘ಗೇಮರ್’ ಎನ್ನಬೇಕು, ಯಾರು ಕೇವಲ ಹೊತ್ತು ಕಳೆಯುವವರು ಎಂಬ ವಿಂಗಡಣೆ ಅದು. ಈ ವಿಂಗಡಣೆ ವಿಡಿಯೋ ಗೇಮಿನೊಂದಿಗೆ ಹುಟ್ಟಿದ್ದಲ್ಲ, ಅದರ ಬೇರು ಹಳೆಯದು ಎಂಬುದನ್ನು ತೋರಿಸುವ ಪ್ರಯತ್ನವನ್ನು ಪ್ರಸ್ತುತ ಪ್ರಬಂಧದಲ್ಲಿ ಮಾಡಲಾಗಿದೆ.

ಪದ ಮತ್ತು ಅರ್ಥ

ಕನ್ನಡದಲ್ಲಿ ‘ಆಟ’ ಎಂಬ ಪದದ ವ್ಯಾಪ್ತಿ ವಿಶಾಲವಾದುದು. ಮಕ್ಕಳ ಕುಂಟಾಟವೂ ಆಟ, ಪಗಡೆಯೂ ಆಟ, ಬಯಲಾಟ, ಗೊಂಬೆಯಾಟಗಳೂ ಆಟವೇ. ಆದರೆ ‘ಆಟಗಾರ’ ಎಂಬ ಪದ ಆಡುವ ಎಲ್ಲರಿಗೂ ಸಲ್ಲುವುದಿಲ್ಲ. ಪಂದ್ಯ, ಪ್ರೇಕ್ಷಕರು, ಪಣ ಅಥವಾ ಪ್ರಶಸ್ತಿ ಇದ್ದಲ್ಲಿ ಆಡಿದವನು ಆಟಗಾರನೆನಿಸುತ್ತಾನೆ. ನಿಯಮಗಳ ಅರಿವು, ಕೌಶಲ, ನಿರಂತರ ಅಭ್ಯಾಸ ಎಂಬ ಮೂರು ಗುಣಗಳು ಆಡುವವರಲ್ಲಿಯೇ ಇರುವಂಥವು. ಮನ್ನಣೆ ಎಂಬ ನಾಲ್ಕನೆಯದು ಮಾತ್ರ ಸಮಾಜದ ಕೈಯಲ್ಲಿದೆ. ಮಹಿಳೆಯರ ಆಟಕ್ಕೆ ಕೊರತೆಯಾದುದು ಈ ನಾಲ್ಕನೆಯದೇ.

ತುಮಕೂರು ಜಿಲ್ಲೆಯಲ್ಲಿಯೇ ಇದಕ್ಕೆ ರಂಗಭೂಮಿಯ ನಿದರ್ಶನವೊಂದಿದೆ. 1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ನಾಟಕ ಕಂಪನಿಯು ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಿಂದ ನಾಡಿನಾದ್ಯಂತ ಪ್ರಸಿದ್ಧವಾಯಿತು. ಗಂಡಸರೇ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ಕಾಲವನ್ನು ದಾಟಿ ಬಿ. ಜಯಮ್ಮನವರಂಥ ಕಲಾವಿದೆಯರು ಈ ಕಂಪನಿಯ ರಂಗದ ಮೇಲೆ ಹೆಸರು ಗಳಿಸಿದರು. ಹಾಡು ಮತ್ತು ಅಭಿನಯಗಳ ಶಕ್ತಿ ಹೆಂಗಸರಲ್ಲಿ ಅದಕ್ಕೆ ಮೊದಲೂ ಇದ್ದಿತು. ಇಲ್ಲದೆ ಇದ್ದುದು ಅದನ್ನು ಕಾಣಿಸುವ ರಂಗ. ಆಟದ ವಿಷಯದಲ್ಲಿಯೂ ಈ ಮಾತು ಅನ್ವಯಿಸುತ್ತದೆ.

ಆಸ್ಥಾನದ ದಾಖಲೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ವಿನೋದ ಮತ್ತು ಕ್ರೀಡೆಗಳಿಗೆ ಒಂದೊಂದು ವಿಂಶತಿಯೇ ಮೀಸಲಾಗಿದೆ. ಚತುರಂಗ, ದಾಳ, ಕವಡೆಗಳ ಆಟಗಳನ್ನು ಅದು ಶಾಸ್ತ್ರೀಯವಾಗಿ ವಿವರಿಸುತ್ತದೆ. ಏಳು ಶತಮಾನಗಳ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಮಣೆಯಾಟಗಳನ್ನೂ ಇಸ್ಪೀಟಿನ ಬಗೆಗಳನ್ನೂ ಸಂಗ್ರಹಿಸಿದರು. ಅವರು ರೂಪಿಸಿದ ‘ಛದ’ಗಳಲ್ಲಿ 36 ಎಲೆಗಳ ಆಟದಿಂದ 360 ಎಲೆಗಳ ಆಟದವರೆಗೆ ವೈವಿಧ್ಯವಿದೆ. ಇವೆರಡೂ ಅಮೂಲ್ಯ ಆಕರಗಳು. ಆದರೆ ಎರಡೂ ಆಸ್ಥಾನದ ದೃಷ್ಟಿಯಿಂದ ರಚಿತವಾದವು. ದೊರೆ ಯಾವುದನ್ನು ಆಡಬೇಕು, ಹೇಗೆ ಆಡಬೇಕು ಎಂಬುದೇ ಅವುಗಳ ಕೇಂದ್ರ.

ಕಾವ್ಯ ಮತ್ತು ಶಿಲ್ಪಗಳು ಎರಡು ಭಿನ್ನ ಚಿತ್ರಗಳನ್ನು ನೀಡುತ್ತವೆ. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡ ಕವಿಗಳು ಕೈಗೆತ್ತಿಕೊಂಡ ಭಾರತ ಕಥೆಯ ದ್ಯೂತಪ್ರಸಂಗದಲ್ಲಿ ದ್ರೌಪದಿ ಆಡುವವಳಲ್ಲ, ಪಣವಾದವಳು. ಎಲ್ಲೋರದ 21ನೆಯ ಗುಹೆಯಾದ ರಾಮೇಶ್ವರದ ಗೋಡೆಯಲ್ಲಿ ಪಾರ್ವತಿ ಶಿವನಿಗೆ ಎದುರಾಗಿ ಪಗಡೆಗೆ ಕುಳಿತಿದ್ದಾಳೆ. ಪುರಾಣಗಳಲ್ಲಿ ಶಿವನನ್ನು ಸೋಲಿಸುವವಳೂ ಅವಳೇ. ಹೆಣ್ಣು ಪಣವೂ ಆಗಬಲ್ಲಳು, ಎದುರಾಳಿಯೂ ಆಗಬಲ್ಲಳು ಎಂಬ ಎರಡೂ ಕಲ್ಪನೆಗಳು ಪರಂಪರೆಯಲ್ಲಿದ್ದರೂ, ಸಭಾಮಂಟಪದ ಪ್ರಸಂಗದಷ್ಟು ಎರಡನೆಯದು ಜನಮನದಲ್ಲಿ ಬೇರೂರಲಿಲ್ಲ.

ಹಂಪಿಯ ಮಂಟಪಗಳ ನೆಲಹಾಸಿನಲ್ಲಿಯೂ ಬಂಡೆಗಳ ಮೇಲೂ ಆಟದ ಮನೆಗಳನ್ನು ಕೊರೆಯಲಾಗಿದೆ. ಜಾನ್ ಫ್ರಿಟ್ಜ್ ಮತ್ತು ಡೇವಿಡ್ ಗಿಬ್ಸನ್ ಇವುಗಳನ್ನು ಕುರಿತು 2007ರಲ್ಲಿ ಪ್ರಾಥಮಿಕ ವರದಿಯೊಂದನ್ನು ಪ್ರಕಟಿಸಿದರು. ಕಲ್ಲು ಆಟದ ವಿನ್ಯಾಸವನ್ನು ಉಳಿಸುತ್ತದೆ. ಆಡಿದವರು ಗಂಡಸರೋ ಹೆಂಗಸರೋ ಎಂಬುದನ್ನು ಹೇಳುವುದಿಲ್ಲ. ಜೊತೆಗೆ ಬಯಲಿನ ಕಲ್ಲಿನ ಮೇಲೆ ಕೊರೆದದ್ದು ಉಳಿಯುತ್ತದೆ, ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದದ್ದು ಮರುದಿನದ ಸಾರಣೆಯೊಂದಿಗೆ ಅಳಿದುಹೋಗುತ್ತದೆ. ಆಕರಗಳ ಈ ಅಸಮತೆಯನ್ನು ಗಮನಿಸದೆ ಆಟದ ಚರಿತ್ರೆಯನ್ನು ಬರೆದರೆ, ಉಳಿದದ್ದೇ ಇದ್ದದ್ದೆಂಬ ತಪ್ಪು ನಿರ್ಣಯಕ್ಕೆ ಎಡೆಯಾಗುತ್ತದೆ.

ಪಡಸಾಲೆಯ ಆಟ

ಇಂದು ತುಮಕೂರು ನಗರದೊಳಗೆ ಸೇರಿರುವ ಉಪ್ಪಾರಹಳ್ಳಿಯ ಹೆಸರಿನ ಊರುಗಳು ಗುಬ್ಬಿ, ಕುಣಿಗಲ್ ಕಡೆಗಳಲ್ಲಿಯೂ ಇವೆ. ಉಪ್ಪು ತಯಾರಿಕೆ ಹಾಗೂ ಮಣ್ಣಿನ ಕೆಲಸಗಳಲ್ಲಿ ನುರಿತ ಉಪ್ಪಾರ ಸಮುದಾಯದ ನೆನಪನ್ನು ಈ ಹೆಸರು ಹೊತ್ತಿದೆ. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿದು, ಮಣ್ಣು ಹೊತ್ತವರ ಕೌಶಲ ಊರಿನ ಹೆಸರಿನಲ್ಲಿ ಮಾತ್ರ ಉಳಿಯುವುದು ಈ ನಾಡಿನ ಚರಿತ್ರೆಯ ಸಾಮಾನ್ಯ ಸಂಗತಿ. ಹೆಂಗಸರ ಆಟಕ್ಕೆ ಅಷ್ಟು ಗುರುತೂ ಉಳಿಯಲಿಲ್ಲ.

ಹಳೆಯ ಮೈಸೂರು ಸೀಮೆಯ ಇಂಥ ಊರುಗಳಲ್ಲಿ ಹೆಂಗಸರ ಆಟಗಳೆಂದು ಪ್ರಸಿದ್ಧವಾದವು ಚೌಕಾಬಾರ ಮತ್ತು ಅಳಗುಳಿಮಣೆ. ಚೌಕಾಬಾರವನ್ನು ಐದೈದು ಅಥವಾ ಏಳೇಳು ಮನೆಗಳ ಚೌಕದಲ್ಲಿ ಕವಡೆಗಳಿಂದ ಆಡಲಾಗುತ್ತದೆ. ನಾಲ್ಕು ಕವಡೆಗಳೂ ಮೇಲ್ಮುಖವಾಗಿ ಬಿದ್ದರೆ ನಾಲ್ಕು, ಎಲ್ಲವೂ ಬೋರಲು ಬಿದ್ದರೆ ಎಂಟು. ಎರಡಕ್ಕೂ ಮತ್ತೊಮ್ಮೆ ಕವಡೆ ಹಾಕುವ ಹಕ್ಕುಂಟು. ಎದುರಾಳಿಯ ಕಾಯಿಯನ್ನು ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಸಾಮಾನ್ಯ ನಿಯಮ. ನಡುಮನೆಯನ್ನು ಸೇರಿದ ಕಾಯಿ ‘ಹಣ್ಣು’ ಆಗುತ್ತದೆ. ಕವಡೆ ಬೀಳುವುದು ಅದೃಷ್ಟವಾದರೂ ಯಾವ ಕಾಯಿಯನ್ನು ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕಾದಿರಿಸಬೇಕು ಎಂಬುದು ಲೆಕ್ಕಾಚಾರದ ವಿಷಯ. ಅಳಗುಳಿಮಣೆಯಲ್ಲಿ ಅದೃಷ್ಟಕ್ಕೆ ಎಡೆಯೇ ಇಲ್ಲ. ಎರಡು ಸಾಲುಗಳ ಹದಿನಾಲ್ಕು ಗುಳಿಗಳಲ್ಲಿ ಹುಣಸೆಬೀಜಗಳನ್ನು ಹಂಚುತ್ತ ಹೋಗುವಾಗ ಕೊನೆಯ ಬೀಜ ಎಲ್ಲಿ ಬೀಳುವುದೆಂಬುದನ್ನು ಮನಸ್ಸಿನಲ್ಲಿಯೇ ಎಣಿಸಬಲ್ಲವಳು ಗೆಲ್ಲುತ್ತಾಳೆ. ಗಣಿತದ ಈ ಶಿಸ್ತನ್ನು ಶಾಲೆ ಕಾಣದ ಹೆಂಗಸರು ರೂಢಿಸಿಕೊಂಡಿದ್ದರೂ ಅದಕ್ಕೆ ಸಂದ ಹೆಸರು ಕಾಲಕ್ಷೇಪ ಎಂಬುದೇ.

ಮನೆಯ ಆಟದಲ್ಲಿ ಪಣವಿರಲಿಲ್ಲವೆಂಬ ಮಾತನ್ನು ಕರಾವಳಿಯ ಮೌಖಿಕ ಪರಂಪರೆ ಒಪ್ಪುವುದಿಲ್ಲ. ತುಳುವಿನ ಸಿರಿ ಪಾಡ್ದನದಲ್ಲಿ ಅಬ್ಬಗ ಮತ್ತು ದಾರಗ ಎಂಬ ಅವಳಿ ಸೋದರಿಯರು ಚೆನ್ನೆಮಣೆಗೆ ಕುಳಿತು, ಆಟದ ಸ್ಪರ್ಧೆಯಲ್ಲಿ ಜಗಳ ಬೆಳೆದು, ಒಬ್ಬಳು ಮತ್ತೊಬ್ಬಳನ್ನು ಮಣೆಯಿಂದಲೇ ಹೊಡೆಯುತ್ತಾಳೆ. ಆ ಮನೆ ಅಲ್ಲಿಗೆ ಹಾಳಾಗುತ್ತದೆ. ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯದ ಪಠ್ಯವನ್ನು ಲೌರಿ ಹೊಂಕೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಅಕ್ಕತಂಗಿಯರು ಎದುರುಬದುರಾಗಿ ಚೆನ್ನೆಮಣೆ ಆಡಬಾರದೆಂಬ ನಂಬಿಕೆ ತುಳುನಾಡಿನಲ್ಲಿದೆ. ಹೆಂಗಸರ ಆಟ ಹಗುರವಾದುದೆಂದು ಆ ಸಮಾಜ ಭಾವಿಸಿದ್ದರೆ ಇಂಥ ನಿಷೇಧದ ಅಗತ್ಯವೇ ಬೀಳುತ್ತಿರಲಿಲ್ಲ. ಗೆಲ್ಲಬೇಕೆಂಬ ಛಲ, ಸೋಲಿನ ಅವಮಾನ ಇವು ಆಟಗಾರ್ತಿಯ ಲಕ್ಷಣಗಳೆಂಬುದನ್ನು ಪಾಡ್ದನ ಬಲ್ಲದು.

ಪಂದ್ಯದ ಅಂಗಳ

ಸ್ವಾತಂತ್ರ್ಯೋತ್ತರ ಕಾಲದಲ್ಲಿ ಮನ್ನಣೆಯ ಸ್ಥಾನ ಆಸ್ಥಾನದಿಂದ ಸಂಘಸಂಸ್ಥೆಗಳಿಗೆ ವರ್ಗವಾಯಿತು. ಭಾರತದ ಮೊದಲ ರಾಷ್ಟ್ರೀಯ ಮಹಿಳಾ ಚದುರಂಗ ಸ್ಪರ್ಧೆ 1974ರಲ್ಲಿ ಬೆಂಗಳೂರಿನಲ್ಲಿ ನಡೆದು, ವಾಸಂತಿ ಖಾಡಿಲ್ಕರ್ ವಿಜೇತರಾದರು. 1976ರಲ್ಲಿ ಅವರ ತಂಗಿ ರೋಹಿಣಿ ಖಾಡಿಲ್ಕರ್ ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಿದಾಗ ವಿರೋಧವೆದ್ದು ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಮಹಿಳೆಯರನ್ನು ಇಂಥ ಸ್ಪರ್ಧೆಗಳಿಂದ ಹೊರಗಿಡುವಂತಿಲ್ಲವೆಂದು ವಿಶ್ವ ಚದುರಂಗ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಯೂವೆ ತೀರ್ಮಾನಿಸಿದರು. ದೇಹಬಲದ ವ್ಯತ್ಯಾಸಕ್ಕೆ ಎಡೆಯಿಲ್ಲದ ಆಟದಲ್ಲಿಯೂ ಹೆಣ್ಣು ತನ್ನ ಸ್ಥಾನವನ್ನು ನ್ಯಾಯಾಲಯದ ಮೂಲಕ ಪಡೆಯಬೇಕಾಯಿತೆಂಬುದು ಗಮನಾರ್ಹ. ಅದೇ 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಆರಂಭವಾದ ಪಂದ್ಯದೊಂದಿಗೆ ಭಾರತದ ಮಹಿಳೆಯರು ಟೆಸ್ಟ್ ಕ್ರಿಕೆಟ್ಟಿಗೆ ಕಾಲಿಟ್ಟರು. ತಂಡದ ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಅಂಕಪಟ್ಟಿ, ದಾಖಲೆ, ಪತ್ರಿಕಾ ವರದಿಗಳು ಒದಗಿದಲ್ಲಿ ಆಟಗಾರ್ತಿ ಚರಿತ್ರೆಗೆ ಸಂದಳು.

ಪರದೆಯ ಕಾಲ

ವಿಡಿಯೋ ಗೇಮಿನ ಚರಿತ್ರೆಯಲ್ಲಿ ಮಹಿಳೆಯರು ತಡವಾಗಿ ಬಂದವರೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಜಪಾನಿನ ತೋರು ಇವಾತಾನಿ 1980ರಲ್ಲಿ ‘ಪ್ಯಾಕ್‌ಮ್ಯಾನ್’ ಆಟವನ್ನು ರೂಪಿಸುವಾಗ ಮಹಿಳೆಯರನ್ನೂ ಸೆಳೆಯುವ ಉದ್ದೇಶ ಹೊಂದಿದ್ದರು. ಅಮೆರಿಕದ ಕ್ಯಾರೊಲ್ ಶಾ 1982ರ ‘ರಿವರ್ ರೇಡ್’ ಆಟದ ನಿರ್ಮಾತೃ. ಕರ್ನಾಟಕದಲ್ಲಿ 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಗೇಮ್ ನಿರ್ಮಾಣೋದ್ಯಮದ ಆದ್ಯ ಸಂಸ್ಥೆಗಳಲ್ಲಿ ಒಂದು. 2010ರಲ್ಲಿ ಜಿಂಗಾ ಸಂಸ್ಥೆಯೂ ಬೆಂಗಳೂರಿಗೆ ಬಂದಿತು. ಆ ಸಂಸ್ಥೆಯಲ್ಲಿ ಗೇಮ್ ವಿನ್ಯಾಸಕಿಯಾಗಿದ್ದ ಪೂರ್ಣಿಮಾ ಸೀತಾರಾಮನ್ 2020ರಲ್ಲಿ ‘ವಿಮೆನ್ ಇನ್ ಗೇಮ್ಸ್’ ಗೌರವ ಪಟ್ಟಿಗೆ ಸೇರಿದ ಮೊದಲ ಭಾರತೀಯರೆನಿಸಿದರು.

ಹೆಚ್ಚು ಕುತೂಹಲಕರವಾದುದು ಆಟದ ಮರುಪ್ರವೇಶ. ಚೌಕಾಬಾರದ ಬಂಧುವಾದ ಪಚ್ಚೀಸಿ ಇಂಗ್ಲೆಂಡಿಗೆ ಹೋಗಿ 1896ರಲ್ಲಿ ‘ಲೂಡೋ’ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆಯಿತು. ರಟ್ಟಿನ ಹಲಗೆಯ ರೂಪದಲ್ಲಿ ಭಾರತಕ್ಕೆ ಮರಳಿತು. 2016ರಲ್ಲಿ ‘ಲೂಡೋ ಕಿಂಗ್’ ಎಂಬ ಮೊಬೈಲ್ ಆಟವಾಯಿತು. 2020ರ ಲಾಕ್‌ಡೌನ್ ದಿನಗಳಲ್ಲಿ ದೂರದೂರದ ಊರುಗಳಲ್ಲಿದ್ದ ಬಂಧುಗಳು ಈ ಪರದೆಯ ಸುತ್ತ ಕುಳಿತರು. ಸೀಮೆಸುಣ್ಣದ ಮನೆ ಬೆಳಕಿನ ಮನೆಯಾಯಿತು, ಕವಡೆಯ ಸ್ಥಾನಕ್ಕೆ ಯಂತ್ರದ ದಾಳ ಬಂದಿತು. ಆದರೆ ಕಾಯಿಯನ್ನು ಕಾದಿರಿಸುವ ಲೆಕ್ಕಾಚಾರ ಹಾಗೆಯೇ ಉಳಿಯಿತು.

ಹಳೆಯ ವಿಂಗಡಣೆಯೂ ಹಾಗೆಯೇ ಉಳಿಯಿತು. ಗುಂಡು ಹಾರಿಸುವ ಆಟಗಳಲ್ಲಿ ತೊಡಗಿದ ಯುವಕ ಗೇಮರ್ ಎನಿಸಿದ; ಅಷ್ಟೇ ಹೊತ್ತು ಒಗಟಿನ ಆಟವಾಡಿದ ಗೃಹಿಣಿ ಹಾಗೆನಿಸಲಿಲ್ಲ. ವಿದ್ಯುನ್ಮಾನ ಕ್ರೀಡೆಗಳನ್ನು ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ಬಹುಕ್ರೀಡಾ ಸ್ಪರ್ಧೆಗಳ ಅಂಗವಾಗಿ ಮಾನ್ಯ ಮಾಡಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವು ಪದಕದ ಕ್ರೀಡೆಗಳಾದವು. 2024ರ ಏಪ್ರಿಲಿನಲ್ಲಿ ಪ್ರಧಾನಮಂತ್ರಿಯವರು ಭೇಟಿಯಾದ ಏಳು ಮಂದಿ ಗೇಮರುಗಳಲ್ಲಿ ಮಹಿಳೆ ಒಬ್ಬರೇ, ಪಾಯಲ್ ಧಾರೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಇ-ಕ್ರೀಡೆ, ಸಾಮಾಜಿಕ ಆಟ, ಹಣದ ಆಟ ಎಂಬ ಮೂರು ವರ್ಗಗಳನ್ನು ಗುರುತಿಸಿತು. ಹಣದ ಆಟವನ್ನು ನಿಷೇಧಿಸುವ ಕಾಯಿದೆಗೆ ಈ ವರ್ಗೀಕರಣ ಅಗತ್ಯವಾದುದೇ. ಆದರೆ ಕಾನೂನಿನ ಈ ಗೆರೆಯನ್ನೇ ಕೌಶಲದ ಅಳತೆಗೋಲೆಂದು ಚರಿತ್ರೆಕಾರರು ಭಾವಿಸಿದರೆ, ಪಂದ್ಯದ ಅಂಗಳದಲ್ಲಿದ್ದವರು ಮಾತ್ರ ಮತ್ತೊಮ್ಮೆ ಆಟಗಾರರಾಗಿ ಉಳಿಯುತ್ತಾರೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಆಟಗಾರ್ತಿಯನ್ನು ರೂಪಿಸುವುದು ಆಟದ ಉಪಕರಣವಲ್ಲ. ನಿಯಮಜ್ಞಾನ, ಕೌಶಲ ಮತ್ತು ಅಭ್ಯಾಸ. ಅವಳನ್ನು ಚರಿತ್ರೆಗೆ ಸೇರಿಸುವುದು ದಾಖಲೆ. ಮೊದಲನೆಯದು ಕರ್ನಾಟಕದ ಮಹಿಳೆಯರಲ್ಲಿ ಎಂದೂ ಇಲ್ಲದೆ ಇರಲಿಲ್ಲ, ಎರಡನೆಯದು ಅಪರೂಪವಾಗಿ ಒದಗಿತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಮಣೆಯಾಟಗಳನ್ನು ಮತ್ತೆ ಜನರ ಮುಂದಿರಿಸಿರುವುದು ಈ ದಿಕ್ಕಿನಲ್ಲಿ ಸ್ತುತ್ಯ ಕಾರ್ಯ. ಆದರೆ ಮಣೆಯನ್ನು ಉಳಿಸಿದರೆ ಸಾಲದು. ಅದರ ಮುಂದೆ ಕುಳಿತವರ ಲೆಕ್ಕಾಚಾರವನ್ನೂ, ಅವರು ಬಳಸಿದ ಮಾತುಗಳನ್ನೂ, ಊರಿಂದೂರಿಗೆ ಬದಲಾಗುವ ನಿಯಮಗಳನ್ನೂ ದಾಖಲಿಸಬೇಕಾಗಿದೆ.

ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ತುಮಕೂರಿನ ಉಪ್ಪಾರಹಳ್ಳಿಯಂಥ ಬಡಾವಣೆಗಳು, ಅದೇ ಹೆಸರಿನ ಹಳ್ಳಿಗಳು ಇಂಥ ಕ್ಷೇತ್ರಕಾರ್ಯಕ್ಕೆ ಸೂಕ್ತ ನೆಲೆಗಳು. ಅಳಗುಳಿಮಣೆಯನ್ನು ಬಲ್ಲ ಅಜ್ಜಿಯೂ ಮೊಬೈಲಿನಲ್ಲಿ ಆಡುವ ಮೊಮ್ಮಗಳೂ ಒಂದೇ ಸೂರಿನಡಿ ಇರುವ ಕಾಲ ಇದು. ಆ ಅಜ್ಜಿಯರ ತಲೆಮಾರು ಸಂದುಹೋದ ಮೇಲೆ ಗುಳಿಗಳಿರುವ ಮರದ ಹಲಗೆ ವಸ್ತುಸಂಗ್ರಹಾಲಯದಲ್ಲಿ ಉಳಿದೀತು; ಕೊನೆಯ ಬೀಜ ಎಲ್ಲಿ ಬೀಳುವುದೆಂದು ಮೊದಲೇ ಅರಿಯುತ್ತಿದ್ದ ಜ್ಞಾನ ಉಳಿಯಲಾರದು.