ಚಿಚಿಕಾಸ್ತೆನಾಂಗೊ: ಸಂತ ತೋಮರ ಪಟ್ಟಣ ಮತ್ತು ಒಂದು ಮಾಯಾ ಗ್ರಂಥ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಪಶ್ಚಿಮದ ಮಲೆನಾಡಿನಲ್ಲಿ, ಕಿಚೆ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ ಚಿಚಿಕಾಸ್ತೆನಾಂಗೊ ಎಂಬ ಪಟ್ಟಣವಿದೆ. ಆಳವಾದ ಕಮರಿಗಳೂ ಪೈನ್ ಮರಗಳ ಬೆಟ್ಟಗಳೂ ಅದನ್ನು ಸುತ್ತುವರಿದಿವೆ. ಇಲ್ಲಿನ ಬಹುಪಾಲು ಜನರು ಕಿಚೆ ಭಾಷೆಯನ್ನಾಡುವ ಮಾಯಾ ಜನಾಂಗದವರು. ಅವರಲ್ಲಿ ಹೆಚ್ಚಿನವರ ವಾಸ ಸುತ್ತಲಿನ ಹಳ್ಳಿಗಳಲ್ಲಿ, ಬೆಳೆ ಮೆಕ್ಕೆಜೋಳ. ಗುರುವಾರ ಮತ್ತು ಭಾನುವಾರ ಕೂಡುವ ಸಂತೆಯೇ ಪಟ್ಟಣವನ್ನೂ ಹಳ್ಳಿಗಳನ್ನೂ ಬೆಸೆಯುತ್ತದೆ. ಪಟ್ಟಣದ ಪೂರ್ಣ ನಾಮಧೇಯ ಸಾಂತೊ ತೊಮಾಸ್ ಚಿಚಿಕಾಸ್ತೆನಾಂಗೊ. ಅದರ ಪಾಲಕರು ಪ್ರೇಷಿತ ಸಂತ ತೋಮ. ಭಾರತದ ಧರ್ಮಸಭೆ ತನ್ನ ವಿಶ್ವಾಸದ ಮೂಲವನ್ನು ಯಾವ ಪ್ರೇಷಿತರಲ್ಲಿ ಕಾಣುತ್ತದೆಯೋ ಅವರ ಹೆಸರನ್ನೇ ಹೊತ್ತ ಈ ಪಟ್ಟಣದ ಇತಿಹಾಸವು, ಸುವಾರ್ತೆ ಮತ್ತು ಸಂಸ್ಕೃತಿಗಳ ಸಂಬಂಧವನ್ನು ಅಭ್ಯಸಿಸುವ ನಮಗೆ ಉಪಯುಕ್ತವಾಗಬಲ್ಲದು.

1524ರಲ್ಲಿ ಪೆದ್ರೊ ದೆ ಅಲ್ವರಾದೊ ಎಂಬ ಸ್ಪೇನಿನ ಸೇನಾನಿ ಕಿಚೆ ಅರಸೊತ್ತಿಗೆಯ ಮೇಲೆ ದಂಡೆತ್ತಿ ಬಂದನು. ರಾಜಧಾನಿ ಕುಮಾರ್ಕಾಹ್ ಬೆಂಕಿಗೆ ಆಹುತಿಯಾಯಿತು; ಅಲ್ಲಿನ ಅರಸರನ್ನು ಸುಟ್ಟು ಕೊಲ್ಲಲಾಯಿತು. ಅವನೊಂದಿಗೆ ಮೆಕ್ಸಿಕೋದಿಂದ ಬಂದ ನಾವಾತ್ಲ್ ಭಾಷಿಕ ಸೈನಿಕರು ಊರುಗಳಿಗೆ ತಮ್ಮ ನುಡಿಯಲ್ಲಿ ಹೆಸರಿಟ್ಟರು. ‘ತುರುಚೆ ಗಿಡಗಳ ಸ್ಥಳ’ ಎಂಬುದು ಚಿಚಿಕಾಸ್ತೆನಾಂಗೊ ಶಬ್ದದ ಅರ್ಥ. ಸೈನಿಕರ ಹಿಂದೆಯೇ ಡೊಮಿನಿಕನ್ ಸಭೆಯ ಗುರುಗಳು ಬಂದರು. ಸುಮಾರು 1540ರಲ್ಲಿ ಸಂತ ತೋಮರ ದೇವಾಲಯವು ಹಳೆಯ ಮಾಯಾ ಗುಡಿಯ ಜಗಲಿಯ ಮೇಲೆಯೇ ಎದ್ದಿತು. ದೇವಾಲಯದ ಮುಂದಿನ ಹದಿನೆಂಟು ಮೆಟ್ಟಿಲುಗಳನ್ನು ಮಾಯಾ ಸೌರಪಂಚಾಂಗದ ಹದಿನೆಂಟು ತಿಂಗಳುಗಳೊಂದಿಗೆ ಜನರು ಇಂದಿಗೂ ಹೋಲಿಸುತ್ತಾರೆ. ಗೆದ್ದವರ ದೇವಾಲಯವನ್ನು ಸೋತವರ ಗುಡಿಯ ಮೇಲೆ ಕಟ್ಟುವುದು ಆ ಕಾಲದ ವಾಡಿಕೆ. ಆದರೆ ಕಟ್ಟಡ ಬದಲಾದ ಮಾತ್ರಕ್ಕೆ ಜನರ ನೆನಪು ಬದಲಾಗಲಿಲ್ಲ.

ಮೊದಲ ತಲೆಮಾರಿನ ಗುರುಗಳಲ್ಲಿ ಕೆಲವರು ಇದನ್ನು ಬೇಗನೆ ಅರಿತರು. ಡೊಮಿನಿಕನ್ ಗುರು ದೊಮಿಂಗೊ ದೆ ವಿಕೊ 1550ರ ದಶಕದಲ್ಲಿ ಕಿಚೆ ಭಾಷೆಯಲ್ಲೇ ಒಂದು ಬೃಹತ್ ದೈವಶಾಸ್ತ್ರಗ್ರಂಥವನ್ನು ರಚಿಸಿದರು. ‘ಥಿಯೊಲೊಜಿಯಾ ಇಂದೋರುಮ್’ ಎಂಬುದು ಅದರ ಹೆಸರು. ಅದರಲ್ಲಿ ಅವರು ದೇವರಿಗೆ ಸ್ಪೇನಿನ ‘ದಿಯೋಸ್’ ಪದದೊಂದಿಗೆ ‘ತ್ಸಾಕೊಲ್ ಬಿತೊಲ್’ ಎಂಬ ಮಾಯಾ ನಾಮವನ್ನೂ ಬಳಸಿದರು. ‘ಕಟ್ಟುವವನು, ರೂಪಿಸುವವನು’ ಎಂದು ಅದರ ಅರ್ಥ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಕಿಚೆ ಕುಲೀನರು, ಗುರುಗಳಿಂದ ಕಲಿತ ಲ್ಯಾಟಿನ್ ಲಿಪಿಯಲ್ಲಿ, ತಮ್ಮ ಪೂರ್ವಜರ ಸೃಷ್ಟಿಕಥನವನ್ನೂ ವಂಶಾವಳಿಯನ್ನೂ ಬರೆದಿಟ್ಟರು. ಅದೇ ‘ಪೊಪೊಲ್ ವುಹ್’. ಈಗ ದೇವರ ವಾಕ್ಯ ಸಾರಲ್ಪಡುತ್ತಿದೆ, ಕ್ರೈಸ್ತಧರ್ಮ ಬಂದಿದೆ, ಅದರ ನಡುವೆಯೇ ನಾವು ಇದನ್ನು ಬರೆಯುತ್ತಿದ್ದೇವೆ ಎಂದು ಅವರು ಆರಂಭದಲ್ಲೇ ತಿಳಿಸುತ್ತಾರೆ. ವಿಕೊ ಬಳಸಿದ ತ್ಸಾಕೊಲ್ ಬಿತೊಲ್ ನಾಮ ಇಲ್ಲಿಯೂ ಬರುತ್ತದೆ. ಈ ಕಥನದಲ್ಲಿ ಭೂಮಿ ಮೂಡುವುದು ದೇವತೆಗಳ ಮಾತಿನಿಂದ. ಮಣ್ಣಿನ ಮಾನವರು ಕರಗಿಹೋಗುತ್ತಾರೆ. ಮರದ ಮಾನವರು ತಮ್ಮ ಸೃಷ್ಟಿಕರ್ತರನ್ನು ಸ್ಮರಿಸಲಾರದೆ ನಾಶವಾಗುತ್ತಾರೆ. ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ನಿಜಮಾನವರು ರೂಪುಗೊಳ್ಳುತ್ತಾರೆ.

ಆ ಮೂಲಪ್ರತಿ ಈಗಿಲ್ಲ. ಗ್ರಂಥ ನಮಗೆ ಉಳಿದಿರುವುದು ಚಿಚಿಕಾಸ್ತೆನಾಂಗೊದ ಒಬ್ಬ ಧರ್ಮಕೇಂದ್ರದ ಗುರುವಿನಿಂದ. ಸ್ಪೇನಿನ ಎಸಿಹಾದಲ್ಲಿ 1666ರಲ್ಲಿ ಜನಿಸಿದ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಡೊಮಿನಿಕನ್ನರು 1701ರಿಂದ 1703ರವರೆಗೆ ಇಲ್ಲಿ ಸೇವೆ ಸಲ್ಲಿಸಿದರು. ಭಾಷೆಯನ್ನು ಆಳವಾಗಿ ಕಲಿತ ಅವರಿಗೆ ಜನರು ಈ ಗ್ರಂಥವನ್ನು ತೋರಿಸಿದರು. ಅವರು ಅದನ್ನು ಎರಡು ಸಾಲಂಕಣಗಳಲ್ಲಿ, ಒಂದರಲ್ಲಿ ಕಿಚೆ ಪಾಠ, ಇನ್ನೊಂದರಲ್ಲಿ ಸ್ಪ್ಯಾನಿಷ್ ಅನುವಾದವಾಗಿ ನಕಲು ಮಾಡಿದರು. ಇದನ್ನು ಜನರು ತಾಯಿಯ ಹಾಲಿನೊಡನೆ ಕುಡಿದಿದ್ದರು, ಬಹುತೇಕ ಎಲ್ಲರಿಗೂ ಅದು ಬಾಯಿಪಾಠವಾಗಿತ್ತು, ಆದರೂ ಹಿಂದಿನ ಗುರುಗಳಿಗೆ ಅದರ ಸುಳಿವೂ ಇರಲಿಲ್ಲ ಎಂದು ಅವರು ಮುಂದೆ ತಮ್ಮ ಇತಿಹಾಸಗ್ರಂಥದಲ್ಲಿ ದಾಖಲಿಸಿದರು.

ಹಿಮೆನೆಸರನ್ನು ಇಂದಿನ ಅಂತರ್‌ಧರ್ಮೀಯ ಸಂವಾದದ ಹರಿಕಾರರೆಂದು ಕರೆಯುವುದು ಸರಿಯಲ್ಲ. ಈ ಕಥನದಲ್ಲಿ ಅವರು ಸೈತಾನನ ವಂಚನೆಯನ್ನು ಕಂಡರು. ಅದನ್ನು ಖಂಡಿಸಲು ಗುರುಗಳಿಗೆ ತಿಳಿವಳಿಕೆ ಬೇಕೆಂಬುದು ಅವರ ಉದ್ದೇಶಗಳಲ್ಲೊಂದಾಗಿತ್ತು. ಆದರೆ ತಾವು ಒಪ್ಪದ ಮಾತುಗಳನ್ನು ಅವರು ಕಿಚೆ ಭಾಷೆಯಲ್ಲೇ, ಅನುವಾದದ ಪಕ್ಕದಲ್ಲೇ ಉಳಿಸಿದರು. ಈ ಹಸ್ತಪ್ರತಿಯು ಇಂದು ಚಿಕಾಗೊ ನಗರದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಅದೇ ಸಂಪುಟದಲ್ಲಿ ಮೂರು ಮಾಯಾ ಭಾಷೆಗಳ ವ್ಯಾಕರಣ, ಪಾಪನಿವೇದನೆಯ ಕೈಪಿಡಿ ಹಾಗೂ ಧರ್ಮೋಪದೇಶದ ಪಾಠಗಳೂ ಇವೆ. ಅಂದರೆ ಪೊಪೊಲ್ ವುಹ್ ನಮ್ಮ ಕೈಸೇರಿರುವುದು ಒಬ್ಬ ಗುರುವಿನ ದಿನನಿತ್ಯದ ಸೇವಾಸಾಮಗ್ರಿಯ ಭಾಗವಾಗಿ.

ಜನರ ಭಕ್ತಿಯಲ್ಲಿ ಎರಡು ಪರಂಪರೆಗಳು ಬೆರೆತೇ ಬಾಳಿದವು. ಹದಿನಾಲ್ಕು ‘ಕೊಫ್ರಾದಿಯಾ’ಗಳು, ಅಂದರೆ ಸಂತರ ಹೆಸರಿನ ಭಕ್ತಸಂಘಗಳು, ಇಲ್ಲಿ ಉತ್ಸವಗಳ ಹೊಣೆ ಹೊತ್ತಿವೆ. ದೇವಾಲಯದ ಮೆಟ್ಟಿಲುಗಳ ಮೇಲೆ ಕೋಪಾಲ್ ಧೂಪ ಏಳುತ್ತದೆ. ಒಳಗೆ ನೆಲದ ಮೇಲೆ ಮೋಂಬತ್ತಿ ಹಚ್ಚಿ, ಹೂವಿನ ಎಸಳು ಹರಡಿ, ಪೂರ್ವಜರನ್ನು ನೆನೆಯುತ್ತಾರೆ. ‘ಚುಚ್‌ಕಹಾವ್’, ಅಂದರೆ ‘ತಾಯಿತಂದೆ’ ಎಂದು ಕರೆಯಲ್ಪಡುವ ಹಿರಿಯರು 260 ದಿನಗಳ ಪಂಚಾಂಗವನ್ನು ಎಣಿಸುತ್ತಾರೆ. 1969ರ ಪಂಚಾಂಗ ಸುಧಾರಣೆಯಲ್ಲಿ ಸಂತ ತೋಮರ ಹಬ್ಬ ಜುಲೈ 3ಕ್ಕೆ ಸರಿದರೂ ಇಲ್ಲಿನ ಮಹೋತ್ಸವ ಇಂದಿಗೂ ಡಿಸೆಂಬರ್ 21ರಂದೇ ನಡೆಯುತ್ತದೆ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ‘ಕಥೋಲಿಕ ಕ್ರಿಯೆ’ ಚಳವಳಿಯ ಉಪದೇಶಿಗಳು ಈ ‘ಕೊಸ್ತುಂಬ್ರೆ’ಯನ್ನು, ಅಂದರೆ ಹಿರಿಯರ ಪದ್ಧತಿಯನ್ನು, ತೀವ್ರವಾಗಿ ವಿರೋಧಿಸಿದರು. ಕುಟುಂಬಗಳೇ ಒಡೆದವು. ಅವರನ್ನು ಸುಲಭವಾಗಿ ದೂರಲೂ ಆಗದು. ಅವರೇ ಓದುಬರಹ ಕಲಿಸಿದರು, ಸಹಕಾರ ಸಂಘಗಳನ್ನು ಕಟ್ಟಿದರು. ಆ ಕಾರಣಕ್ಕಾಗಿಯೇ ಅಂತರ್ಯುದ್ಧದ ವರ್ಷಗಳಲ್ಲಿ ಸೈನ್ಯದ ಕೋಪಕ್ಕೆ ಗುರಿಯಾದರು. ಕಿಚೆ ಧರ್ಮಕ್ಷೇತ್ರದಲ್ಲಿ 1980ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಇಬ್ಬರು ಗುರುಗಳ ಹತ್ಯೆಯಾದಾಗ ಧರ್ಮಾಧ್ಯಕ್ಷ ಹುವಾನ್ ಹೆರಾರ್ದಿಯವರು ಎಲ್ಲ ಗುರುಗಳನ್ನೂ ಅಲ್ಲಿಂದ ಹೊರಕ್ಕೆ ಕರೆಸಿಕೊಂಡರು. ಗುರುಗಳಿಲ್ಲದ ಧರ್ಮಸಭೆಯನ್ನು ಉಪದೇಶಿಗಳು ಉಳಿಸಿದರು. ನಿಕೊಲಾಸ್ ಕಾಸ್ತ್ರೊ ಎಂಬ ಉಪದೇಶಿ ಪರಮಪ್ರಸಾದವನ್ನು ಮರೆಮಾಡಿ ದೂರದಿಂದ ಹೊತ್ತು ತಂದರು. ಅದಕ್ಕೆ ಪ್ರಾಣವನ್ನೇ ತೆತ್ತರು. 2021ರ ಏಪ್ರಿಲ್ 23ರಂದು ಧನ್ಯರೆಂದು ಘೋಷಿತರಾದ ಈ ಧರ್ಮಕ್ಷೇತ್ರದ ಹತ್ತು ರಕ್ತಸಾಕ್ಷಿಗಳಲ್ಲಿ ಮೂವರು ಗುರುಗಳು. ಉಳಿದ ಏಳು ಮಂದಿ ಶ್ರೀಸಾಮಾನ್ಯರು, ಅವರಲ್ಲೊಬ್ಬ ಹನ್ನೆರಡರ ಬಾಲಕ. ಹೆರಾರ್ದಿಯವರನ್ನು, ಯುದ್ಧದ ಕ್ರೌರ್ಯಗಳ ವರದಿ ಬಿಡುಗಡೆ ಮಾಡಿದ ಎರಡೇ ದಿನಗಳಲ್ಲಿ, 1998ರ ಏಪ್ರಿಲ್ 26ರಂದು ಕೊಲ್ಲಲಾಯಿತು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪ್ರೇಷಿತ ಕಾರ್ಯದ ಕುರಿತ ತನ್ನ ಆದೇಶಪತ್ರದಲ್ಲಿ, ಜನಾಂಗಗಳ ಪರಂಪರೆಗಳಲ್ಲಿ ಅಡಗಿರುವ ದಿವ್ಯವಾಣಿಯ ಬೀಜಗಳನ್ನು ಸಂತೋಷದಿಂದಲೂ ಗೌರವದಿಂದಲೂ ಗುರುತಿಸುವಂತೆ ವಿಶ್ವಾಸಿಗಳಿಗೆ ಹೇಳುತ್ತದೆ. ಚಿಚಿಕಾಸ್ತೆನಾಂಗೊದ ಇತಿಹಾಸವು ಈ ಕರೆಗೆ ಎರಡು ಷರತ್ತುಗಳನ್ನು ಸೇರಿಸುತ್ತದೆ ಎನ್ನಬಹುದು. ಮೊದಲನೆಯದು, ಗುರುತಿಸುವ ಮುನ್ನ ಕೇಳಿಸಿಕೊಳ್ಳಬೇಕು. ನೂರೈವತ್ತು ವರ್ಷಗಳ ಕಾಲ ಗುರುಗಳ ಪಕ್ಕದಲ್ಲೇ ಜನರ ಬಾಯಲ್ಲಿದ್ದ ಗ್ರಂಥವು ಅವರ ಕಿವಿಗೆ ಬೀಳಲಿಲ್ಲ. ಎರಡನೆಯದು, ವಿವೇಚನೆಯು ಗುರುಗಳಿಗೆ ಮಾತ್ರ ಸೇರಿದ್ದಲ್ಲ. ಕೊಸ್ತುಂಬ್ರೆಯನ್ನು ಕಾದವರೂ ಅದನ್ನು ತೊರೆದವರೂ ಒಂದೇ ಊರಿನ ವಿಶ್ವಾಸಿಗಳು. ಅವರಲ್ಲಿ ಯಾರೊಬ್ಬರನ್ನು ಬಿಟ್ಟರೂ ಅಲ್ಲಿನ ಧರ್ಮಸಭೆಯ ಚಿತ್ರ ಅಪೂರ್ಣವಾಗುತ್ತದೆ. ನಾಳೆ ಧರ್ಮಕೇಂದ್ರಗಳ ಹೊಣೆ ಹೊರಲಿರುವ ನಮ್ಮ ಗುರು ಅಭ್ಯರ್ಥಿಗಳು ತಮ್ಮ ಜನರ ಭಾಷೆ, ಹಾಡು, ಹಬ್ಬ, ಹಿರಿಯರ ನೆನಪು ಇವುಗಳ ಕುರಿತು ತೀರ್ಪು ಕೊಡುವ ಮುನ್ನ ಅವುಗಳನ್ನು ಹಿಮೆನೆಸರಂತೆ ಅಕ್ಷರಶಃ ಬರೆದಿಟ್ಟುಕೊಂಡರೆ, ಅದೊಂದು ಒಳ್ಳೆಯ ಆರಂಭವಾದೀತು.